ದೆಹಲಿಯಲ್ಲಿ ಅಮ್ಮನಿಗೊಂದು ರೂಮು

ಕೆಂಪುಕೋಟೆ ನೋಡಬೇಕು, ಕುತುಬ್ ಮಿನಾರ್ ಕೆಳಗೆ ನಿಲ್ಲಬೇಕು ಅನ್ನೋದು ಅಪ್ಪನ ಬಹಳ ವರ್ಷಗಳ ಆಸೆ. ಡಿಸೆಂಬರ್‌ನಲ್ಲಿ ಮೂವರೂ ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ರೂಮು ಹುಡುಕುವ ಕೆಲಸ ನನ್ನದಾಗಿತ್ತು.

ಪಹಾಡ್‌ಗಂಜ್‌ನಲ್ಲಿ ಬುಕ್ ಮಾಡಿದ್ದೆ. ನ್ಯೂ ಡೆಲ್ಲಿ ರೈಲ್ವೆ ಸ್ಟೇಷನ್‌ಗೆ ಅಂಟಿಕೊಂಡಂತೆ ಇರುವ ಜಾಗ, ಇಳಿದು ನಡೆದೇ ಹೋಗಬಹುದು. ದಿನಕ್ಕೆ 1,300 ರೂಪಾಯಿ. ಫೋಟೋದಲ್ಲಿ ರೂಮು ಚೆನ್ನಾಗಿತ್ತು. ಲಿಫ್ಟ್ ಇದೆ ಅಂತಲೂ ಬರೆದಿತ್ತು.

ಎರಡು ರಾತ್ರಿ ರೈಲಿನಲ್ಲಿ ಕಳೆದೆವು. ಮಂಜಿನಿಂದ ರೈಲು ಮೂರು ಗಂಟೆ ತಡ. ಭಾನುವಾರ ಮಧ್ಯಾಹ್ನ ಸ್ಟೇಷನ್‌ನಿಂದ ಹೊರಗೆ ಕಾಲಿಟ್ಟ ಕೂಡಲೇ ಒಬ್ಬ ಬಂದು ಹೋಟೆಲ್ ಹೆಸರು ಕೇಳಿದ. ಹೇಳಿದೆ. 'ಅದು ಮುಚ್ಚಿದೆ, ಬೇರೆ ತೋರಿಸ್ತೀನಿ ಬನ್ನಿ' ಅಂದ. ಅಪ್ಪ ಗಾಬರಿಯಾದರು. ನಾನು ಅಲ್ಲೇ ನಿಂತು ಹೋಟೆಲ್‌ಗೆ ಫೋನ್ ಮಾಡಿದೆ. ತೆರೆದೇ ಇತ್ತು. ಆ ಸ್ಟೇಷನ್ ಮುಂದೆ ಇದು ಹಳೆಯ ಆಟ. ಹೋಗುವವರು ಹೋಟೆಲ್ ನಂಬರನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಮೇನ್ ಬಜಾರ್‌ನಿಂದ ಒಳಗೆ ಒಂದು ಗಲ್ಲಿ, ಅದರೊಳಗೆ ಇನ್ನೊಂದು. ಆಟೊ ಬರಲ್ಲ. ಲಿಫ್ಟ್ ಕೆಟ್ಟಿತ್ತು. ನಮ್ಮ ರೂಮು ಮೂರನೇ ಮಹಡಿ. ಅಮ್ಮನಿಗೆ ಮಂಡಿನೋವು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಿದರು. ಕಿಟಕಿ ತೆಗೆದರೆ ಒಂದು ಮೊಳದ ಆಚೆ ಪಕ್ಕದ ಕಟ್ಟಡದ ಗೋಡೆ. ಕಾಲಿಟ್ಟರೆ ನೆಲ ಮಂಜುಗಡ್ಡೆ. ಅಮ್ಮ ರಜಾಯಿ ಹೊದ್ದು ಕೂತು, "ನೀವಿಬ್ರೂ ತಿರುಗಾಡ್ಕೊಂಡು ಬನ್ನಿ ಮಗಾ, ನಾನು ಇಲ್ಲೇ ಇರ್ತೀನಿ" ಅಂದರು. ಇಲ್ಲಿಯವರೆಗೆ ಬಂದು ಅಮ್ಮ ಗೋಡೆ ನೋಡ್ತಾ ಕೂರಬೇಕಾ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಸೋಮವಾರ. ಕೆಂಪುಕೋಟೆಗೆ ವಾರದ ರಜೆ. ಅದೇ ಅನುಕೂಲವಾಯಿತು. ಬೆಳಗ್ಗೆಯೇ ಒಬ್ಬನೇ ಹೊರಟೆ. ರಾಮಕೃಷ್ಣ ಆಶ್ರಮ ಮಾರ್ಗದಲ್ಲಿ ಮೆಟ್ರೊ ಹತ್ತಿದರೆ ಝಂಡೇವಾಲಾನ್ ಬಿಟ್ಟು ಮುಂದಿನದೇ ಕರೋಲ್ ಬಾಗ್. ನಾಲ್ಕು ಲಾಡ್ಜ್ ನೋಡಿದೆ. ಈ ಸಲ ಫೋಟೋ ಕೇಳಲಿಲ್ಲ. ಲಿಫ್ಟ್‌ನಲ್ಲಿ ನಾನೇ ಮೇಲೆ ಹೋಗಿ ಕೆಳಗೆ ಬಂದೆ. ಗೀಸರ್ ಹಾಕಿಸಿ ನೀರು ಮುಟ್ಟಿ ನೋಡಿದೆ. ಕಿಟಕಿ ತೆಗೆದೆ. ಮೆಟ್ರೊ ಸ್ಟೇಷನ್‌ನಿಂದ ಬಾಗಿಲಿಗೆ ಅಮ್ಮನ ನಡಿಗೆಯಲ್ಲಿ ಎಷ್ಟು ಹೊತ್ತು ಅಂತ ನಿಧಾನವಾಗಿ ನಡೆದು ನೋಡಿದೆ. ಆರು ನಿಮಿಷ. ಬಾಡಿಗೆ 2,200. ಮೂರು ದಿನಕ್ಕೆ ಸೇರಿ 2,700 ರೂಪಾಯಿ ಜಾಸ್ತಿ, ಆದರೆ ಅದಕ್ಕಿಂತ ಸಾರ್ಥಕವಾದ ಖರ್ಚು ಆ ಪ್ರವಾಸದಲ್ಲಿ ನಾನು ಮಾಡಿಲ್ಲ.

ಪಹಾಡ್‌ಗಂಜ್ ಕೆಟ್ಟದ್ದು ಅಂತಲ್ಲ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಬರುವ ಹುಡುಗರಿಗೆ, ಬೆಳಗಿನ ಜಾವ ರೈಲು ಹಿಡಿಯುವವರಿಗೆ ಅದೇ ಸರಿ. ವಿಮಾನದಲ್ಲಿ ಬಂದು ಒಂದೇ ರಾತ್ರಿ ಉಳಿಯುವವರಿಗೆ ವಿಮಾನ ನಿಲ್ದಾಣದ ಪಕ್ಕದ ಏರೋಸಿಟಿ ಹತ್ತಿರ. ಆದರೆ ವಯಸ್ಸಾದವರ ಜೊತೆ ಹೋಗುವಾಗ ನೋಡುವ ಜಾಗ ರೂಮಿಗೆ ಎಷ್ಟು ಹತ್ತಿರ ಅನ್ನೋದು ಅಷ್ಟು ಮುಖ್ಯ ಅಲ್ಲ. ದೆಹಲಿಯಲ್ಲಿ ದೂರವನ್ನು ಮೆಟ್ರೊ ನೋಡಿಕೊಳ್ಳುತ್ತದೆ. ಸಂಜೆ ಸುಸ್ತಾಗಿ ವಾಪಸ್ ಬಂದಾಗ ಆ ಕೊನೆಯ ಇನ್ನೂರು ಮೀಟರ್ ಹೇಗಿದೆ, ಅದನ್ನು ನೋಡಬೇಕು.

ಮಂಗಳವಾರ ಕುತುಬ್ ಮಿನಾರ್‌ಗೆ ಹೋದೆವು. ರಾಜೀವ್ ಚೌಕ್‌ನಲ್ಲಿ ಹಳದಿ ಲೈನಿಗೆ ಬದಲಿಸಿ, ಇಳಿದ ಮೇಲೆ ಆಟೊ. ಎಲ್ಲಿ ಲಿಫ್ಟ್ ಇದೆಯೋ ಅಲ್ಲಿಂದಲೇ ಅಮ್ಮನನ್ನು ಕರೆದುಕೊಂಡು ಹೋದೆ. 73 ಮೀಟರ್ ಎತ್ತರದ ಆ ಗೋಪುರದ ಕೆಳಗೆ ಅಪ್ಪ ಕತ್ತೆತ್ತಿ ನಿಂತೇ ಇದ್ದರು. ಅಮ್ಮ ಬಿಸಿಲಲ್ಲಿ ಹುಲ್ಲಿನ ಮೇಲೆ ಕೂತು ಶಾಲು ತೆಗೆದಿಟ್ಟರು.

ಸಂಜೆ ರೂಮಿಗೆ ಬಂದು ನಾನೊಂದು ಗಳಿಗೆ ಮಲಗಿದೆ. ಎದ್ದರೆ ಅಮ್ಮ ಇಲ್ಲ! ಗಾಬರಿಯಿಂದ ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗೆ ಗಾಡಿಯವನ ಮುಂದೆ ನಿಂತಿದ್ದರು. ಹಿಂದಿ ಒಂದಕ್ಷರ ಬಾರದ ಅಮ್ಮ, ಒಬ್ಬರೇ ಲಿಫ್ಟ್‌ನಲ್ಲಿ ಇಳಿದು ಹೋಗಿದ್ದರು. ಮೇಲೆ ಬಂದಾಗ ಕೈಯಲ್ಲಿ ಕಾಗದದ ಪೊಟ್ಟಣ. ಬಿಸಿ ಬಿಸಿ ಹುರಿದ ಕಡಲೆಕಾಯಿ.

"ತಗೋ, ತಿನ್ನು" ಅಂತ ಕೈಗೆ ಸುರಿದು ಕೇಳಿದರು, "ನಾಳೆ ಎಷ್ಟೊತ್ತಿಗೆ ಹೊರಡೋದು?"