ಒಂದು ಟೆಲಿಗ್ರಾಂ ಸಾಕಾ?

ರಾತ್ರಿ ಒಂದೂವರೆವರೆಗೂ ಕೂತು ರೇಮಂಡ್ ಚಾಂಡ್ಲರ್‌ನ ‘ದಿ ಲೇಡಿ ಇನ್ ದ ಲೇಕ್’ ಮುಗಿಸಿದೆ. 1943ರ ಅಮೆರಿಕನ್ ಪತ್ತೇದಾರಿ ಕಾದಂಬರಿ. ಶುರುವಿನಲ್ಲೇ ಒಂದು ಕಟ್ಟಡದ ಮುಂದಿನ ಫುಟ್‌ಪಾತಿನಲ್ಲಿ ಹಾಸಿದ್ದ ಕಪ್ಪು ಬಿಳುಪು ರಬ್ಬರ್ ತುಂಡುಗಳನ್ನು ಕೀಳುತ್ತಿರುತ್ತಾರೆ, ಸರ್ಕಾರಕ್ಕೆ ಕೊಡೋದಕ್ಕೆ. ಎರಡನೇ ಮಹಾಯುದ್ಧ ನಡೀತಿದೆ, ರಬ್ಬರಿಗೆ ಬರ ಬಂದಿದೆ ಅನ್ನೋದು ಅಷ್ಟರಲ್ಲೇ ಗೊತ್ತಾಗುತ್ತದೆ. ನನಗಂತೂ ಕೊಲೆಗಿಂತ ಇದೇ ಜಾಸ್ತಿ ನೆನಪು.

ಸೆಂಟು, ಪೌಡರ್ ಕಂಪನಿಯ ಸಾಹೇಬನ ಹೆಂಡತಿ ಕಾಣೆಯಾಗಿ ಒಂದು ತಿಂಗಳು. ಹುಡುಕಲು ಬರುವವನು ಖಾಸಗಿ ಪತ್ತೇದಾರ ಮಾರ್ಲೋ. ಅಷ್ಟು ದಿನ ಗಂಡ ಯಾಕೆ ಸುಮ್ನಿದ್ದ? ಮೆಕ್ಸಿಕೋದಲ್ಲಿ ಡೈವೋರ್ಸ್ ತಗೊಂಡು ಇನ್ನೊಬ್ಬನನ್ನು ಮದುವೆಯಾಗುತ್ತೇನೆ ಅಂತ ಅವಳ ಹೆಸರಲ್ಲಿ ಟೆಲಿಗ್ರಾಂ (ಆ ಕಾಲದ ತಂತಿ) ಬಂದಿತ್ತು. ಟೆಲಿಗ್ರಾಂನಲ್ಲಿ ಕಳಿಸಿದವರ ಕೈಬರಹ ಇರ್ತಿರಲಿಲ್ಲ, ಅಲ್ವಾ? ಯಾರು ಬೇಕಾದರೂ ಕಳಿಸಬಹುದಿತ್ತು. (ಮುಂದಿನದು ಹೇಳಲ್ಲ, ಓದದವರು ಬೈತೀರಿ.)

ಪುಸ್ತಕ ಮುಚ್ಚಿ ಫೋನ್ ನೋಡಿದೆ. ಹಳೇ ರೂಮ್‌ಮೇಟ್ ಒಬ್ಬ ಮೂರು ತಿಂಗಳ ಹಿಂದೆ ‘ಎಲ್ಲಾ ಆರಾಮ್’ ಅಂತ ಮೆಸೇಜ್ ಹಾಕಿದ್ದ. ನಾನೂ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗಿದ್ದೆ. ಬೆಳಗ್ಗೆ ಕಾಲ್ ಮಾಡಿದೆ. ಎತ್ತಲಿಲ್ಲ. ಐದು ನಿಮಿಷ ಬಿಟ್ಟು ಮೆಸೇಜ್ ಬಂತು: ‘ಮೀಟಿಂಗ್‌ನಲ್ಲಿದ್ದೀನಿ, ಆರಾಮ್.’

ಸಂಜೆ ಮತ್ತೆ ಕಾಲ್ ಮಾಡುತ್ತೇನೆ. ದನಿ ಕೇಳಬೇಕು.