ರಿಸರ್ವೇಶನ್ ಇಲ್ಲದ ಕಂಪನಿಯಲ್ಲಿ ಲಾಯರಿಗೆ ಎಂತ ಕೆಲಸ?

ಮದುವೆ ಮನೆಯ ಊಟದ ಸಾಲಿನಲ್ಲಿ, ಉಡುಪಿ ಬಸ್ಸಿನಲ್ಲಿ, ಹೊಸದಾಗಿ ಎಚ್‌ಆರ್‌ಗೆ ಸೇರಿದವರ ಬಾಯಲ್ಲಿ ನಾನು ಜಾಸ್ತಿ ಕೇಳಿದ ಪ್ರಶ್ನೆ ಇದು. "ನಿಮ್ಮದು ಪ್ರೈವೇಟ್ ಕಂಪನಿ ಅಲ್ವಾ? ರಿಸರ್ವೇಶನ್ ಇಲ್ಲ. ಎಲ್ಲರನ್ನೂ ಸೇರಿಸಿಕೊಳ್ಳಬೇಕು ಅಂತ ನೀವು ಹೇಳ್ತೀರಲ್ಲ, ಅದರಲ್ಲಿ ಲಾಯರಿಗೆ ಎಂತ ಕೆಲಸ ಮಾರಾಯ್ರೇ?"

ನಾನು ಮಂಗಳೂರಿನ ಒಂದು ಕಂಪನಿಯ ಕಾನೂನು ವಿಭಾಗದಲ್ಲಿದ್ದೇನೆ. ಕೆಲಸ ತುಂಬ ಇದೆ. ಆದರೆ ನಮ್ಮನ್ನು ಕರೆಯುವುದು ದೂರು ಬಂದ ಮೇಲೆ. ಕೆಲಸದ ಜಾಹೀರಾತು ಬರೆಯುವಾಗಲೇ ಕರೆಯಬೇಕಿತ್ತು ಎಂದು ಪ್ರತಿ ಸಲವೂ ಅನ್ನಿಸುತ್ತದೆ.

"ಗಂಡಸರು ಮಾತ್ರ ಅರ್ಜಿ ಹಾಕಿ" ಎಂಬ ಸಾಲನ್ನು ಇವತ್ತಿಗೂ ಕಾಣುತ್ತೇನೆ. ಒಂದೇ ಬಗೆಯ ಕೆಲಸಕ್ಕೆ ಜನ ತೆಗೆದುಕೊಳ್ಳುವಾಗ ಹೆಂಗಸರನ್ನು ಬೇರೆಯಾಗಿ ನೋಡಬಾರದು ಎಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಈಗ ಆ ಮಾತು 2019ರ ವೇತನ ಸಂಹಿತೆಯಲ್ಲಿದೆ. ಇದು ಖಾಸಗಿಯವರಿಗೂ ಸೇರಿದ್ದು. ಇಂಟರ್‌ವ್ಯೂನಲ್ಲಿ "ಮದುವೆ ಯಾವಾಗ?" ಎಂದು ಕೇಳುವವರಿಗೆ ನಾನು ಕೊಡಗಿನ ಸಿ.ಬಿ. ಮುತ್ತಮ್ಮ ಅವರ ವಿಷಯ ಹೇಳುತ್ತೇನೆ. ಅವರು ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಅಲ್ಲಿ ಹೆಂಗಸರು ಮದುವೆಯಾಗಲು ಸರ್ಕಾರದ ಒಪ್ಪಿಗೆ ಕೇಳಬೇಕಿತ್ತು, ಗಂಡಸರು ಕೇಳಬೇಕಿರಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ಕೋರ್ಟು ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿತು. ಅದೇ ಪ್ರಶ್ನೆಯನ್ನು ನಾವು ಈಗ ಟೀ ಕುಡಿಯುತ್ತಾ ಸುಮ್ನೆ ಕೇಳಿಬಿಡುತ್ತೇವೆ. ಉತ್ತರ ಕೊಡುವ ಹುಡುಗಿಗೆ ಅದು ಸುಮ್ನೆ ಕೇಳಿದ ಪ್ರಶ್ನೆಯಲ್ಲ.

ನನಗೆ ಈ ವಿಷಯದಲ್ಲಿ ಕಣ್ಣು ತೆರೆಸಿದ್ದು ಹಿಂದೆ ನಾನಿದ್ದ ಒಂದು ಕಂಪನಿ. ಅಕೌಂಟ್ಸ್ ಕೆಲಸಕ್ಕೆ ದೃಷ್ಟಿ ತುಂಬ ಕಡಿಮೆ ಇದ್ದ ಒಬ್ಬ ಹುಡುಗ ಬಂದಿದ್ದ. ಕಂಪ್ಯೂಟರ್ ಪರೀಕ್ಷೆಗೆ ಮೊದಲೇ ಅವನನ್ನು ವಾಪಸ್ ಕಳಿಸಿದರು. "ನಮ್ಮ ಸಾಫ್ಟ್‌ವೇರ್ ಅವನಿಗೆ ಆಗೋದಿಲ್ಲ" ಎಂದರು. ನಿನಗೆ ಏನಿದ್ದರೆ ಆಗುತ್ತದೆ ಎಂದು ಯಾರೂ ಅವನನ್ನು ಕೇಳಲಿಲ್ಲ. ಅಕ್ಷರ ದೊಡ್ಡದಾಗಿ ತೋರಿಸುವ ಸೌಲಭ್ಯ ಅದೇ ಕಂಪ್ಯೂಟರಿನಲ್ಲಿತ್ತು. ನನಗೆ ಗೊತ್ತಾದದ್ದು ಒಂದು ವಾರ ಕಳೆದ ಮೇಲೆ. ಅಷ್ಟು ಹೊತ್ತಿಗೆ ಬೇರೊಬ್ಬರನ್ನು ತೆಗೆದುಕೊಂಡಾಗಿತ್ತು. ಆ ಬೇಸರ ಇನ್ನೂ ಹೋಗಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಅದರಲ್ಲಿರುವ ಶೇ 4 ಮೀಸಲಾತಿ ಸರ್ಕಾರಿ ಹುದ್ದೆಗಳಿಗೆ ಮಾತ್ರ, ನಿಜ. ಹೆಚ್ಚಿನವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಆದರೆ ಸಮಾನ ಅವಕಾಶದ ನೀತಿಯನ್ನು ಖಾಸಗಿ ಸಂಸ್ಥೆಯೂ ಪ್ರಕಟಿಸಲೇಬೇಕು. ಅಲ್ಲಿ 20 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ನೀತಿಯಲ್ಲಿ ಇನ್ನಷ್ಟು ವಿವರ ಇರಬೇಕು. ಯಾವ ಕೆಲಸಗಳು ಅಂಗವಿಕಲರಿಗೆ ಹೊಂದುತ್ತವೆ, ಏನೇನು ಸೌಲಭ್ಯ ಕೊಡುತ್ತೇವೆ ಎಂದು ಬರೆಯಬೇಕು. ನೇಮಕದಲ್ಲಿ ಅವರ ವಿಷಯ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನೂ ಗೊತ್ತುಮಾಡಬೇಕು. ತಕ್ಕ ಅನುಕೂಲ ಮಾಡಿಕೊಡದಿರುವುದನ್ನೂ ಈ ಕಾಯ್ದೆ ಭೇದಭಾವ ಎಂದೇ ಕರೆಯುತ್ತದೆ. ಆ ಹುಡುಗನಿಗೆ ಬೇಕಿದ್ದದ್ದು ಕಂಪ್ಯೂಟರಿನ ಸೆಟ್ಟಿಂಗ್‌ನಲ್ಲಿ ಒಂದು ಸಣ್ಣ ಬದಲಾವಣೆ.

ಉಳಿದವು ಹೆಚ್ಚಿನವರಿಗೆ ಗೊತ್ತು. 10 ಅಥವಾ ಹೆಚ್ಚು ಜನರಿದ್ದರೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ, 50 ಅಥವಾ ಹೆಚ್ಚು ಜನರಿದ್ದರೆ ಶಿಶುಪಾಲನಾ ಕೇಂದ್ರ. 2019ರ ಕಾಯ್ದೆ ಪ್ರಕಾರ ಟ್ರಾನ್ಸ್‌ಜೆಂಡರ್ ನೌಕರರ ದೂರು ಕೇಳಲೂ ಒಬ್ಬ ಅಧಿಕಾರಿ ಬೇಕು. ಇದು ಮಾತ್ರ ಎಷ್ಟೋ ಕಡೆ ಕಡತದಲ್ಲೂ ಇರುವುದಿಲ್ಲ. ಸಮಿತಿಯ ಬಗ್ಗೆ ಕಂಪನಿ ಲಾಯರುಗಳಿಗೆ ಒಂದು ಮಾತು: ವಿಚಾರಣೆಯ ಕೋಣೆಯಲ್ಲಿ ಹೋಗಿ ಕೂರಬೇಡಿ. ದೂರು ಕೊಟ್ಟವಳೂ ಲಾಯರನ್ನು ಕರೆತರುವಂತಿಲ್ಲ, ಆರೋಪ ಹೊತ್ತವನೂ ಕರೆತರುವಂತಿಲ್ಲ. ಅಂಥಲ್ಲಿ ಕಂಪನಿಯ ಲಾಯರ್ ಕೂತರೆ ಅವಳಿಗೆ ಏನನ್ನಿಸಬೇಡ?

ಇನ್ನೊಂದು ವಿಷಯ ನಮ್ಮ ಇಮೇಲ್. ಕಂಪನಿಯ ಸಂಬಳದ ಲಾಯರಿಗೆ ವಕೀಲರಿಗಿರುವ ಪೂರ್ತಿ ಗೋಪ್ಯತೆಯ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಹೇಳಿತು. ಹಾಗಾಗಿ "ಈ ಬಸುರಿಯನ್ನು ಹೇಗೆ ಬಿಡಿಸುವುದು?" ಎಂದು ಯಾರಾದರೂ ಬರೆದು ಕೇಳಿದರೆ, ಬಿಡಿಸುವಂತಿಲ್ಲ, ಕಾರಣ ಇದು ಎಂದು ನಾನು ಬರೆದೇ ಉತ್ತರ ಕೊಡುತ್ತೇನೆ. ನಾಳೆ ನ್ಯಾಯಾಧೀಶರು ಓದಿದರೂ ಅದು ಅದೇ ಉತ್ತರವಾಗಿರಬೇಕು.

ಕಷ್ಟ ಇರುವುದು ಜಾತಿಯ ವಿಷಯದಲ್ಲಿ. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದ ಮಾತು. ಜಾತಿ ಧರ್ಮ ನೋಡಿ ಕೆಲಸ ಇಲ್ಲ ಎನ್ನಬಾರದು ಎಂದು ಎಲ್ಲ ಖಾಸಗಿ ಕಂಪನಿಗಳಿಗೂ ಹೇಳುವ ಒಂದು ಪೂರ್ತಿ ಕಾನೂನು ನಮ್ಮಲ್ಲಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆದರೆ ಅರ್ಜಿಯನ್ನು ಮೆಲ್ಲಗೆ ಪಕ್ಕಕ್ಕಿಟ್ಟರೆ? ನಮ್ಮ ಊರಿನಲ್ಲಿ ಕೇಳುವುದೂ ಬೇಡ. ಹೆಸರಿನ ಕೊನೆಯಲ್ಲಿ ಶೆಟ್ಟಿ, ಭಟ್, ಪೈ, ಡಿಸೋಜ ಕಂಡರೆ ಅರ್ಧ ತಿಳಿಯುತ್ತದೆ. ಉಳಿದರ್ಧಕ್ಕೆ "ಮೂಲ ಮನೆ ಎಲ್ಲಿ?" ಎಂಬ ಪ್ರಶ್ನೆ ಸಾಕು. ಬಸ್ಸಿನಲ್ಲಿ ಅದು ಪ್ರೀತಿಯ ಮಾತು. ಇಂಟರ್‌ವ್ಯೂನಲ್ಲಿ ಅದು ಜರಡಿ. ಇಲ್ಲಿನ ಆದಿವಾಸಿಗಳಾದ ಕೊರಗರನ್ನು ಕೀಳೆಂದು ಕಂಡು ಬಿಟ್ಟಿ ದುಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ರಾಜ್ಯ ಬೇರೆಯೇ ಕಾಯ್ದೆ ತರಬೇಕಾದ ಜಿಲ್ಲೆಗಳು ನಮ್ಮವು. ಇಲ್ಲಿ ಜಾತಿ ಕಾಣುವುದಿಲ್ಲ ಎಂದು ನಾನು ಹೇಳಲಾರೆ.

ಕಾನೂನು ಸುಮ್ಮನಿರುವ ಈ ಜಾಗದಲ್ಲಿ ಕಂಪನಿಯ ಸೇವಾ ನಿಯಮ ಮಾತಾಡಬಹುದು. ಅದನ್ನು ಬರೆಯುವವರು ನಾವೇ. ಜಾತಿ, ಧರ್ಮ, ಭಾಷೆ, ಊಟದ ಹೆಸರಿನಲ್ಲಿ ಯಾರನ್ನೂ ಕೀಳಾಗಿ ನೋಡುವುದು ದುರ್ನಡತೆ ಎಂಬ ಸಾಲು ನಮ್ಮ ನಿಯಮದಲ್ಲಿ ಸೇರಲು ಎರಡು ವರ್ಷ ಹಿಡಿಯಿತು. ಇಂಟರ್‌ವ್ಯೂನಲ್ಲಿ ಕೇಳಬಾರದ ಪ್ರಶ್ನೆಗಳ ಹಾಳೆಯಲ್ಲಿ "ಮೂಲ ಮನೆ ಎಲ್ಲಿ?" ಎಂಬುದೂ ಇದೆ. ನೇಮಕ ಪತ್ರದ ಜೊತೆ ಈ ನಿಯಮವನ್ನು ಕನ್ನಡದಲ್ಲೂ ಕೊಡುತ್ತೇವೆ. ಕ್ಯಾಂಟೀನಿನವರಿಗೆ, ಸೆಕ್ಯುರಿಟಿಯವರಿಗೆ ನಾನೇ ಕೂತು ಓದಿ ಹೇಳುತ್ತೇನೆ, ಬೇಕಾದರೆ ತುಳುವಿನಲ್ಲಿ.