ಸಭಾಂಗಣದ ಹೊರಗೆ ಸಿಕ್ಕ ಜನ

2018ರ ಆಗಸ್ಟ್ 16ರ ಗುರುವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಕನ್ವೆನ್ಷನ್ ಸೆಂಟರ್ ನಿಲ್ದಾಣದಲ್ಲಿ ಲೈಟ್ ರೈಲಿನಿಂದ ಇಳಿದಾಗ, ಎದುರಿನ ಕಟ್ಟಡದೊಳಗೆ ಹೋಗುತ್ತಿದ್ದ ಅಷ್ಟೊಂದು ಜನರಲ್ಲಿ ನನಗೆ ಒಬ್ಬರ ಪರಿಚಯವೂ ಇರಲಿಲ್ಲ. ಅಂದು ಅಲ್ಲಿ ಆರಂಭವಾಗಲಿದ್ದುದು ವಿಜ್ಞಾನಕಥೆಗಳ ಅಭಿಮಾನಿಗಳು ಪ್ರತಿವರ್ಷ ಒಂದೊಂದು ಊರಿನಲ್ಲಿ ನಡೆಸುವ ವಿಶ್ವ ಸಮ್ಮೇಳನ; ಎಲ್ಲರೂ ಅದನ್ನು ವರ್ಲ್ಡ್‌ಕಾನ್ ಎಂದೇ ಕರೆಯುತ್ತಾರೆ. ಸನಿವೇಲ್‌ನಲ್ಲಿ ಹಲವು ವರ್ಷಗಳಿಂದ ವಾಸವಾಗಿದ್ದ ನನಗೆ ಕೆಲಸದ ಗೆಳೆಯರೂ ಕನ್ನಡ ಕೂಟದ ಗೆಳೆಯರೂ ಸಾಕಷ್ಟು ಇದ್ದರು. ಆದರೆ ಸಾಗರದ ಮನೆಯಲ್ಲಿ ಅಪ್ಪ ರಟ್ಟು ಹಾಕಿಸಿ ಇಟ್ಟಿದ್ದ ‘ಕಸ್ತೂರಿ’ಯ ಹಳೆಯ ಸಂಚಿಕೆಗಳಿಂದ ಆರಂಭವಾಗಿ ಮೂವತ್ತು ವರ್ಷ ನನ್ನೊಡನೆ ಬೆಳೆದ ಓದಿನ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಲು ಆ ಎರಡು ಬಳಗಗಳಲ್ಲಿಯೂ ಯಾರೂ ಇರಲಿಲ್ಲ. ಅಂಥವರು ಸಿಕ್ಕಾರು ಎಂಬ ಆಸೆಯಿಂದಲೇ ನಾನು ಅಲ್ಲಿಗೆ ಹೋಗಿದ್ದೆ.

ಮೊದಲ ದಿನ ಯಾರೂ ಸಿಗಲಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ಗುರುತು ಹಾಕಿಕೊಂಡಿದ್ದ ಐದು ಗೋಷ್ಠಿಗಳಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡೆ, ಮಧ್ಯಾಹ್ನ ಒಬ್ಬಳೇ ಊಟ ಮಾಡಿದೆ, ಸಂಜೆ ಆರಕ್ಕೆ ಮನೆಗೆ ಹೊರಟೆ. ಗೋಷ್ಠಿಗಳು ಚೆನ್ನಾಗಿಯೇ ಇದ್ದವು. ಆದರೆ ವೇದಿಕೆಯ ಕಡೆಗೆ ಮುಖ ಮಾಡಿ ಸಾಲಾಗಿ ಕುಳಿತವರಿಗೆ ಪಕ್ಕದವರ ಮುಖ ಕಾಣುವುದಿಲ್ಲ. ಚಪ್ಪಾಳೆಯಾದ ಕೂಡಲೇ ಎಲ್ಲರೂ ಮುಂದಿನ ಕೋಣೆಗೆ ಅವಸರದಿಂದ ನಡೆದುಬಿಡುತ್ತಾರೆ. ಸಮ್ಮೇಳನದ ಅರ್ಧ ಭಾಗ ಆರಂಭವಾಗುವುದೇ ಸಂಜೆ ಆರರ ನಂತರ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸ್ವಯಂಸೇವಕರ ಮೇಜಿನ ಮುಂದೆ ನಿಂತದ್ದು ಧೈರ್ಯದಿಂದಲ್ಲ, ನಮ್ಮೂರಿನ ಮದುವೆಮನೆಗಳ ನೆನಪಿನಿಂದ. ಮದುವೆಗೆ ಬಂದು ಕುರ್ಚಿಯಲ್ಲಿ ಕುಳಿತವರನ್ನು ಯಾರೂ ಹೆಚ್ಚು ಮಾತಾಡಿಸುವುದಿಲ್ಲ. ಪಂಕ್ತಿಯಲ್ಲಿ ಉಪ್ಪಿನಕಾಯಿ ಬಡಿಸಲು ನಿಂತ ಹುಡುಗಿಯನ್ನು ಮಾತ್ರ ‘ನೀನು ಯಾರ ಮಗಳು?’ ಎಂದು ಎಲ್ಲರೂ ಕೇಳುತ್ತಾರೆ. ವರ್ಲ್ಡ್‌ಕಾನಿನ ಏರ್ಪಾಡೂ ಮದುವೆಮನೆಯ ಹಾಗೆಯೇ ಇದೆ. ಅಲ್ಲಿಗೆ ಹಣ ಕೊಟ್ಟು ಬರುವವರನ್ನು ಪ್ರೇಕ್ಷಕರೆನ್ನುವುದಿಲ್ಲ, ಸದಸ್ಯರೆನ್ನುತ್ತಾರೆ. ವಿಜ್ಞಾನಕಥೆಗಳಿಗೆ ಪ್ರತಿವರ್ಷ ಕೊಡುವ ಹ್ಯೂಗೋ ಪ್ರಶಸ್ತಿಗಳಿಗೆ ಮತ ಹಾಕುವ ಹಕ್ಕು ಅವರಿಗಿರುತ್ತದೆ, ಎರಡು ವರ್ಷಗಳ ನಂತರದ ಸಮ್ಮೇಳನ ಯಾವ ಊರಿನಲ್ಲಿ ನಡೆಯಬೇಕೆಂದು ಮತ ಕೊಡುವವರೂ ಅವರೇ. ನೋಂದಣಿಯ ಮೇಜಿನಿಂದ ಹಿಡಿದು ಪ್ರಶಸ್ತಿ ಸಮಾರಂಭದವರೆಗೆ ಎಲ್ಲವನ್ನೂ ನಡೆಸುವವರು ಸಂಬಳವಿಲ್ಲದೆ ದುಡಿಯುವ ಅಭಿಮಾನಿಗಳು. ಬಂದವರಿಗೆಲ್ಲ ಉಚಿತವಾಗಿ ಕಾಫಿ, ಹಣ್ಣು, ಬ್ರೆಡ್ಡು, ಬಿಸಿ ಸೂಪು ಇಟ್ಟಿರುವ ‘ಕಾನ್ ಸ್ವೀಟ್’ ಎಂಬ ಉಪಚಾರದ ಕೋಣೆ ಅಮೆರಿಕದ ಸಮ್ಮೇಳನಗಳಲ್ಲಿ ಇರುತ್ತದೆ. ನನ್ನನ್ನು ಅಲ್ಲಿಗೆ ಕಳುಹಿಸಿ, ಕಿತ್ತಳೆ ಹಣ್ಣು ಹೆಚ್ಚುವ ಕೆಲಸ ಕೊಟ್ಟರು.

ಹೆಚ್ಚುವ ಮಣೆಯ ಆಚೆ ಬದಿಯಲ್ಲಿ ನಿಂತಿದ್ದವರು ಆರೆಗಾನ್‌ನಿಂದ ಬಂದಿದ್ದ, ಗ್ರಂಥಪಾಲಕಿಯಾಗಿ ನಿವೃತ್ತರಾದ ಹಿರಿಯರೊಬ್ಬರು. ಅವರು ಮೊದಲ ಬಾರಿ ವರ್ಲ್ಡ್‌ಕಾನಿಗೆ ಬಂದದ್ದು 1968ರಲ್ಲಿ, ಬರ್ಕ್ಲಿಯಲ್ಲಿ ನಡೆದಾಗ. ತಮ್ಮನ್ನು ಹೆಸರು ಹಿಡಿದು ಕರೆಯಬೇಕೆಂದು ಅವರು ಎರಡು ಸಲ ಹೇಳಿದರು. ಎಪ್ಪತ್ತು ದಾಟಿದವರನ್ನು ಬರಿಯ ಹೆಸರಿನಿಂದ ಕರೆಯಲು ನನ್ನ ನಾಲಗೆ ಹೊರಳಲಿಲ್ಲ. ಮನಸ್ಸಿನಲ್ಲಿ ಅವರನ್ನು ದೊಡ್ಡಮ್ಮ ಎಂದುಕೊಂಡೆ, ಈಗಲೂ ನನಗೆ ಅವರು ದೊಡ್ಡಮ್ಮನೇ. ಮೊಬೈಲುಗಳಿಲ್ಲದ ಕಾಲದಲ್ಲಿ ಸಾವಿರಾರು ಜನರ ನಡುವೆ ಒಬ್ಬರನ್ನೊಬ್ಬರು ಹುಡುಕುತ್ತಿದ್ದುದು ಹೇಗೆಂದು ಕೇಳಿದಾಗ, ಅವರು ‘ವೂಡೂ ಬೋರ್ಡ್’ ಎಂಬ ಫಲಕದ ಬಗ್ಗೆ ಹೇಳಿದರು. ಎಲ್ಲ ಸದಸ್ಯರ ಹೆಸರುಗಳನ್ನು ಮುದ್ರಿಸಿದ ಹಾಳೆಗಳನ್ನು ದೊಡ್ಡ ಹಲಗೆಯ ಮೇಲೆ ಅಂಟಿಸಿರುತ್ತಿದ್ದರಂತೆ. ಯಾರಿಗಾದರೂ ಹೇಳುವುದಿದ್ದರೆ ಚೀಟಿ ಬರೆದು ಪಕ್ಕದ ಪೆಟ್ಟಿಗೆಯಲ್ಲಿ ಅಕಾರಾದಿಯಾಗಿ ಇಟ್ಟು, ಅವರ ಹೆಸರಿನ ಮೇಲೆ ಒಂದು ಗುಂಡುಸೂಜಿ ಚುಚ್ಚಬೇಕು. ದಿನಕ್ಕೆ ನಾಲ್ಕಾರು ಬಾರಿ ಆ ಹಲಗೆಯ ಮುಂದೆ ಹಾದುಹೋಗುವವರು ತಮ್ಮ ಹೆಸರಿನ ಮೇಲೆ ಸೂಜಿ ಇದೆಯೇ ಎಂದು ನೋಡುತ್ತಿದ್ದರು. ನೋಡುತ್ತ ನಿಂತವರ ನಡುವೆಯೇ ಮಾತು ಹುಟ್ಟಿ, ಕೆಲವರ ಸ್ನೇಹ ಅಲ್ಲಿಯೇ ಆರಂಭವಾಗುತ್ತಿತ್ತು.

ಆ ಕೋಣೆಯಲ್ಲಿ ಕಳೆದ ಮೂರು ಗಂಟೆಗಳಲ್ಲಿ ನಾನು ಹಿಂದಿನ ದಿನಕ್ಕಿಂತ ಹೆಚ್ಚು ಜನರೊಡನೆ ಮಾತಾಡಿದೆ. ಕೈಗೆ ಕೆಲಸವಿದ್ದಾಗ ಮಾತಿನ ನಡುವಿನ ಮೌನ ಭಾರವೆನಿಸುವುದಿಲ್ಲ, ಮಾತು ಮುಗಿದರೆ ಹಣ್ಣಿನ ತಟ್ಟೆ ಎತ್ತಿಕೊಂಡು ಹೋಗಬಹುದು. ಹೊಸಬರನ್ನು ಹೇಗೆ ಮಾತಾಡಿಸುವುದೆಂಬ ಹಿಂಜರಿಕೆ ಇರುವ ನನ್ನಂಥವರಿಗೆ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲವೆಂದು ನಾನು ನಂಬಿದ್ದೇನೆ. ನನಗೆ ನಿದ್ದೆ, ಊಟ, ಸ್ನಾನಗಳ ಹಳೆಯ ನಿಯಮವನ್ನು ಕಲಿಸಿದವರೂ ದೊಡ್ಡಮ್ಮನೇ: ಸಮ್ಮೇಳನದ ದಿನಗಳಲ್ಲಿ ಪ್ರತಿದಿನ ಕಡಿಮೆಯೆಂದರೆ 5 ಗಂಟೆ ನಿದ್ದೆ, 2 ಊಟ, 1 ಸ್ನಾನ ತಪ್ಪಿಸಬಾರದು.

ಆ ಸಂಜೆ ಅವರೇ ನನ್ನನ್ನು ಪಾರ್ಟಿಗಳಿಗೆ ಕರೆದುಕೊಂಡು ಹೋದರು. ಪಾರ್ಟಿ ಎಂಬ ಮಾತು ಕೇಳಿ ಕುಡಿತ, ಗದ್ದಲ ಎಂದು ನಾನು ಹಿಂದೆಗೆದಿದ್ದೆ. ನೋಡಿದರೆ, ಹೋಟೆಲಿನ ಕೋಣೆಗಳ ಬಾಗಿಲು ತೆರೆದಿಟ್ಟು, ಚಿಪ್ಸ್, ಸಿಹಿತಿಂಡಿ, ಪಾನೀಯಗಳನ್ನು ಇಟ್ಟುಕೊಂಡು, ಬಂದವರನ್ನು ‘ಬನ್ನಿ, ಕುಳಿತುಕೊಳ್ಳಿ’ ಎಂದು ಕರೆಯುವ ಮನೆಗಳ ಸಾಲಿನಂತೆ ಅದು ಇತ್ತು. ನನಗೆ ನವರಾತ್ರಿಯಲ್ಲಿ ಗೊಂಬೆ ನೋಡಲು ಮನೆಯಿಂದ ಮನೆಗೆ ಹೋಗುತ್ತಿದ್ದುದು ನೆನಪಾಯಿತು. ಮುಂದೊಂದು ವರ್ಷದ ಸಮ್ಮೇಳನವನ್ನು ತಮ್ಮ ಊರಿಗೆ ಕೊಡಿ ಎಂದು ಕೇಳುವವರು ಇಂಥ ಪಾರ್ಟಿಗಳನ್ನು ಏರ್ಪಡಿಸಿ, ತಮ್ಮ ಊರಿನ ತಿಂಡಿ ಕೊಟ್ಟು, ಬ್ಯಾಡ್ಜಿನ ಕೆಳಗೆ ಅಂಟಿಸಿಕೊಳ್ಳಲು ಬಣ್ಣದ ರಿಬ್ಬನ್ ಕೊಡುವುದು ಅಲ್ಲಿನ ಹಳೆಯ ವಾಡಿಕೆ. ಈ ರಿಬ್ಬನ್ನುಗಳು ಒಂದರ ಕೆಳಗೊಂದು ಸೇರಿ ಕೆಲವರಿಗೆ ಮೊಣಕಾಲಿನವರೆಗೆ ಇಳಿದಿರುತ್ತವೆ. ‘ಇದು ಎಲ್ಲಿ ಸಿಕ್ಕಿತು?’ ಎಂದು ಒಂದು ರಿಬ್ಬನ್ನನ್ನು ತೋರಿಸಿ ಕೇಳಿದರೆ ಸಾಕು, ಗುರುತಿಲ್ಲದವರೊಡನೆಯೂ ಮಾತು ಆರಂಭವಾಗುತ್ತದೆ. ನಾನು ಹಾಗೆ ಕೇಳಿ ಪರಿಚಯ ಮಾಡಿಕೊಂಡವರಲ್ಲಿ ಒಬ್ಬಾಕೆ, 2020ರ ಸಮ್ಮೇಳನವನ್ನು ವೆಲ್ಲಿಂಗ್ಟನ್ನಿಗೆ ಕೇಳಲು ನ್ಯೂಜಿಲೆಂಡಿನಿಂದ ಬಂದಿದ್ದ ತಂಡದ ಶಿಕ್ಷಕಿ. ನಮ್ಮ ಭಾಷೆಯಲ್ಲಿ ವಿಜ್ಞಾನಕಥೆಗಳಿವೆಯೇ ಎಂದು ಆಕೆ ಕೇಳಿದರು. ರಾಜಶೇಖರ ಭೂಸನೂರಮಠರ ಹೆಸರು ಹೇಳಿ, ನಾನು ಓದಿ ಬೆಳೆದ ಕಥೆಗಳ ಬಗ್ಗೆ ನೆನಪಿದ್ದಷ್ಟನ್ನು ವಿವರಿಸಿದೆ. ಆಕೆ ಪುಸ್ತಕ ತೆಗೆದು ಹೆಸರು ಬರೆದುಕೊಂಡಾಗ ನನಗಾದ ಸಂತೋಷವನ್ನು ಹೇಳಲು ಈಗಲೂ ಮಾತು ಸಾಲದು.

ರಾತ್ರಿ ಹನ್ನೊಂದರ ಮೇಲೆ ಫಿಲ್ಕ್ ಕೋಣೆಗೆ ಹೋದೆವು. ‘ಫೋಕ್’ ಎಂದು ಅಚ್ಚಾಗಬೇಕಿದ್ದ ಪದ 1950ರ ದಶಕದಲ್ಲಿ ತಪ್ಪಾಗಿ ‘ಫಿಲ್ಕ್’ ಆಗಿ, ಅದೇ ಅಭಿಮಾನಿಗಳ ಹಾಡುಗಾರಿಕೆಗೆ ಹೆಸರಾಗಿ ನಿಂತಿತು. ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿ ಕುಳಿತವರು ಸರದಿಯಲ್ಲಿ ಹಾಡುತ್ತಾರೆ. ತಮ್ಮ ಸರದಿ ಬಂದಾಗ ಹಾಡಬಹುದು, ಇನ್ನೊಬ್ಬರನ್ನು ಹಾಡಲು ಕೇಳಬಹುದು, ಅಥವಾ ಮುಂದಿನವರಿಗೆ ಬಿಟ್ಟುಕೊಡಬಹುದು. ಎರಡು ಸರದಿ ಬಿಟ್ಟುಕೊಟ್ಟ ನಾನು ಮೂರನೆಯದರಲ್ಲಿ, ಮಗುವಿಗೆ ಊಟ ಮಾಡಿಸುವಾಗ ನಮ್ಮ ಮನೆಯಲ್ಲಿ ಚಂದಮಾಮನನ್ನು ಕರೆಯುತ್ತಿದ್ದ ಹಾಡನ್ನು ಹಾಡಿ ಅರ್ಥ ಹೇಳಿದೆ. ರಾಕೆಟ್ಟುಗಳ, ಗ್ರಹಾಂತರ ಯಾನಗಳ ಹಾಡುಗಳ ನಡುವೆ ಚಂದ್ರನನ್ನೇ ಅಂಗಳಕ್ಕೆ ಕರೆಯುವ ಹಾಡು ಅವರಿಗೆ ಹೊಸದಾಗಿತ್ತು. ಗಿಟಾರ್ ಹಿಡಿದಿದ್ದ ಒಬ್ಬರು ಮತ್ತೊಮ್ಮೆ ಹಾಡಿಸಿ, ರಾಗ ಹಿಡಿದು ಜೊತೆಗೆ ನುಡಿಸಿದರು.

ಈ ಜನರು ಭೇಟಿಯಾಗುವುದಕ್ಕೆ ಇಷ್ಟು ಮಹತ್ವ ಕೊಡುವುದೇಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ಆರಂಭಿಸಿದ ವಿಜ್ಞಾನಕಥೆಗಳ ಮಾಸಪತ್ರಿಕೆಯಲ್ಲಿ ಓದುಗರ ಪತ್ರಗಳನ್ನು ಅವರ ವಿಳಾಸದೊಡನೆ ಅಚ್ಚು ಹಾಕುತ್ತಿದ್ದರು. ಒಂದೊಂದು ಊರಿನಲ್ಲಿ ಒಬ್ಬಂಟಿಯಾಗಿ ಓದುತ್ತಿದ್ದ ಹುಡುಗರು ಆ ವಿಳಾಸ ನೋಡಿ ಪರಸ್ಪರ ಕಾಗದ ಬರೆದರು, ಆಮೇಲೆ ರೈಲು ಹತ್ತಿ ಭೇಟಿಗೆ ಹೋದರು. 1936ರಲ್ಲಿ ನ್ಯೂಯಾರ್ಕಿನ ಕೆಲವರು ಫಿಲಡೆಲ್ಫಿಯಾದ ಗೆಳೆಯರನ್ನು ನೋಡಲು ಹೋದದ್ದನ್ನೇ ಮೊದಲ ಸಮ್ಮೇಳನವೆಂದು ಕರೆಯುವವರಿದ್ದಾರೆ. 1937ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಸೇರಿದ್ದೇ ಮೊದಲನೆಯದೆಂದು ವಾದಿಸುವವರೂ ಇದ್ದಾರೆ. ಅಂದರೆ, ಭೇಟಿ ಮೊದಲು ಹುಟ್ಟಿತು, ಗೋಷ್ಠಿಗಳೂ ಪ್ರಶಸ್ತಿಗಳೂ ಅದರ ಸುತ್ತ ಬೆಳೆದವು. 1953ರಿಂದ ನಡೆಯುತ್ತಿರುವ ಅಟ್ಲಾಂಟಿಕ್ ಅಭಿಮಾನಿ ನಿಧಿಯಂತೂ ನನಗೆ ಬಹಳ ಪ್ರಿಯವಾದ ಸಂಗತಿ: ಅಭಿಮಾನಿಗಳು ಚಂದಾ ಎತ್ತಿ, ಮತ ಹಾಕಿ, ತಮ್ಮಲ್ಲೊಬ್ಬರನ್ನು ಆರಿಸಿ, ಸಮುದ್ರದ ಆಚೆಯ ಅಭಿಮಾನಿಗಳನ್ನು ಭೇಟಿಯಾಗಿ ಬರಲು ಕಳುಹಿಸುತ್ತಾರೆ.

ಈ ಪರಂಪರೆಯಲ್ಲಿ ಬಾಗಿಲು ಮುಚ್ಚಿದ ನೆನಪೂ ಇದೆ. 1939ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 200 ಜನ ಸೇರಿ ಮೊದಲ ವರ್ಲ್ಡ್‌ಕಾನ್ ನಡೆಸಿದಾಗ, ಸಂಘಟಕರು ತಮಗಾಗದ ಗುಂಪಿನ ಕೆಲವರನ್ನು ಒಳಗೆ ಬಿಡಲಿಲ್ಲ. ಹಾಗೆ ತಡೆಯಲ್ಪಟ್ಟ ತರುಣರಲ್ಲಿ, ಮುಂದೆ ವಿಜ್ಞಾನಕಥೆಗಳ ಹೆಸರಾಂತ ಲೇಖಕ-ಸಂಪಾದಕರಾದ ಫ್ರೆಡರಿಕ್ ಪೋಲ್ ಮತ್ತು ಡೊನಾಲ್ಡ್ ವೊಲ್‌ಹೈಮ್ ಇದ್ದರು. ಪೋಲ್ 1972ರ ಲಾಸ್ ಏಂಜಲೀಸ್ ಸಮ್ಮೇಳನಕ್ಕೆ ಗೌರವ ಅತಿಥಿಯಾಗಿ ಬಂದರು. ಇದನ್ನು ಓದಿದಾಗ ನನಗೆ ಸ್ಯಾನ್ ಹೊಸೆಯ ಒಂದು ಕೋಣೆ ನೆನಪಾಗುತ್ತದೆ. ಅಲ್ಲಿ ನಿಂತಿದ್ದ ಗುಂಪೊಂದು ನಾನು ಹತ್ತಿರ ಹೋದಾಗ ಸರಿದು ಜಾಗ ಕೊಡದೆ ತಮ್ಮ ಹಳೆಯ ಮಾತನ್ನೇ ಮುಂದುವರಿಸಿತು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ವರ್ಷಕ್ಕೊಮ್ಮೆ ಸೇರುವ ಗೆಳೆಯರು ಅವರು. ಆದರೂ ಹತ್ತು ನಿಮಿಷ ಕೈಯಲ್ಲಿ ಲೋಟ ಹಿಡಿದು ಹೊರಗಿನವಳಾಗಿ ನಿಂತದ್ದು ನೋವು ಕೊಟ್ಟಿತು. ಅಂದಿನಿಂದ ನಾನು ಯಾವ ಗುಂಪಿನಲ್ಲಿ ನಿಂತರೂ, ಕನ್ನಡ ಕೂಟದ ದೀಪಾವಳಿ ಊಟದಲ್ಲಿಯೂ, ಪಕ್ಕದಲ್ಲಿ ಒಬ್ಬರು ಬಂದು ನಿಲ್ಲುವಷ್ಟು ಜಾಗ ಬಿಟ್ಟೇ ನಿಲ್ಲುತ್ತೇನೆ.

ಭಾನುವಾರ ರಾತ್ರಿ ಹ್ಯೂಗೋ ಸಮಾರಂಭಕ್ಕೆ ನಾವು ನಾಲ್ವರು ಒಟ್ಟಿಗೆ ಕುಳಿತೆವು: ದೊಡ್ಡಮ್ಮ, ವೆಲ್ಲಿಂಗ್ಟನ್ನಿನ ಶಿಕ್ಷಕಿ, ಗಿಟಾರಿನವರು, ನಾನು. ಎನ್. ಕೆ. ಜೆಮಿಸಿನ್ ಅವರಿಗೆ ಸತತ ಮೂರನೆಯ ವರ್ಷ ಶ್ರೇಷ್ಠ ಕಾದಂಬರಿಯ ಪ್ರಶಸ್ತಿ ಬಂತು. ಅದುವರೆಗೆ ಆ ಪ್ರಶಸ್ತಿಯನ್ನು ಹಾಗೆ ಸತತವಾಗಿ ಮೂರು ಬಾರಿ ಯಾರೂ ಪಡೆದಿರಲಿಲ್ಲ. ಆ ಕ್ಷಣದಲ್ಲಿ ದೊಡ್ಡಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅದೇ ದೃಶ್ಯವನ್ನು ಮನೆಯಲ್ಲಿ ಒಬ್ಬಳೇ ಪರದೆಯ ಮೇಲೆ ನೋಡಿದ್ದರೂ ಸಂತೋಷವಾಗುತ್ತಿತ್ತು. ಆದರೆ ಅದು ನನ್ನ ಬದುಕಿನ ಒಂದು ರಾತ್ರಿಯಾಗಿ ಉಳಿದದ್ದು ಪಕ್ಕದಲ್ಲಿದ್ದ ಮೂವರಿಂದ.

ವೆಲ್ಲಿಂಗ್ಟನ್ನಿಗೆ ಸಮ್ಮೇಳನ ಸಿಕ್ಕಿತು. ವಿಮಾನದ ಟಿಕೆಟ್ ನೋಡುತ್ತಿದ್ದಾಗಲೇ ಕೋವಿಡ್ ಬಂತು, 2020ರ ವರ್ಲ್ಡ್‌ಕಾನ್ ಪೂರ್ತಿಯಾಗಿ ಅಂತರ್ಜಾಲದಲ್ಲಿ ನಡೆಯಿತು. ಜೂಮ್‌ನಲ್ಲಿ ಗೋಷ್ಠಿ, ಡಿಸ್ಕಾರ್ಡ್‌ನಲ್ಲಿ ಹರಟೆ. ಸಂಘಟಕರು ಪಟ್ಟ ಶ್ರಮದ ಬಗ್ಗೆ ನನಗೆ ತುಂಬ ಗೌರವವಿದೆ. ಪ್ರಯಾಣಕ್ಕೆ ಹಣವಿಲ್ಲದವರೂ ವೀಸಾ ಸಿಗದವರೂ ಅಂದು ಒಳಗೆ ಬರಲು ಸಾಧ್ಯವಾಯಿತು, ಇದು ಸಣ್ಣ ಮಾತಲ್ಲ. ಆದರೂ ಗೋಷ್ಠಿ ಮುಗಿದ ಕೂಡಲೇ ಪರದೆಯ ಮೇಲಿನ ಮುಖಗಳೆಲ್ಲ ಒಮ್ಮೆಗೇ ಮಾಯವಾದಾಗ, ಬಾಗಿಲಿನವರೆಗೆ ಜೊತೆಯಲ್ಲಿ ನಡೆಯುವ ಆ ಎರಡು ನಿಮಿಷಗಳ ಬೆಲೆ ತಿಳಿಯಿತು. ಶಿಕ್ಷಕಿ ತಮ್ಮ ಕ್ಯಾಮೆರಾವನ್ನು ಕಿಟಕಿಯತ್ತ ತಿರುಗಿಸಿ ವೆಲ್ಲಿಂಗ್ಟನ್ನಿನ ಚಳಿಗಾಲದ ಬೆಳಗನ್ನು ತೋರಿಸಿದರು. ಇಲ್ಲಿ ನನಗೆ ಇನ್ನೂ ಹಿಂದಿನ ದಿನದ ಬಿಸಿಲಿನ ಮಧ್ಯಾಹ್ನ.

ಮತ್ತೆ ನಾವು ಮೂವರು ಮುಖಾಮುಖಿ ಸೇರಿದ್ದು 2025ರ ಆಗಸ್ಟ್‌ನಲ್ಲಿ, ಸಿಯಾಟಲ್‌ನಲ್ಲಿ. ದೊಡ್ಡಮ್ಮನಿಗೆ ಈಗ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಕುಳಿತುಕೊಂಡೇ ಹಣ್ಣು ಹೆಚ್ಚಿದರು. ನಾನು ಮನೆಯಿಂದ ಮಾಡಿಕೊಂಡು ಹೋಗಿದ್ದ ಕೋಡುಬಳೆಯನ್ನು ರಾತ್ರಿ ಅವರ ಹೋಟೆಲ್ ಕೋಣೆಯಲ್ಲಿ ಹಂಚಿಕೊಂಡು ತಿನ್ನುತ್ತಿದ್ದಾಗ, ಗಿಟಾರಿನವರು ಏಳು ವರ್ಷದ ಹಿಂದಿನ ಚಂದಮಾಮನ ಹಾಡಿನ ರಾಗವನ್ನು ತಪ್ಪಿಲ್ಲದೆ ನುಡಿಸಿದರು.

2026ರ ವರ್ಲ್ಡ್‌ಕಾನ್ ಆಗಸ್ಟ್ 27ರಿಂದ 31ರವರೆಗೆ ಲಾಸ್ ಏಂಜಲೀಸ್ ಸಮೀಪದ ಆನಹೈಮ್‌ನಲ್ಲಿ ನಡೆಯಲಿದೆ. ಅಲ್ಲಿಗೆ ಬರುವ ಕನ್ನಡದ ಓದುಗರಿದ್ದರೆ ಹಗಲು ಉಪಚಾರದ ಕೋಣೆಯಲ್ಲಿ, ರಾತ್ರಿ ಫಿಲ್ಕ್ ಕೋಣೆಯಲ್ಲಿ ನನ್ನನ್ನು ವಿಚಾರಿಸಬಹುದು. ಬ್ಯಾಡ್ಜಿನ ಕೆಳಗೆ ಅಂಟಿಸಿಕೊಳ್ಳಲು ಕನ್ನಡ ಅಕ್ಷರಗಳ ರಿಬ್ಬನ್ನುಗಳನ್ನು ಮಾಡಿಸುತ್ತಿದ್ದೇನೆ. ಹಳದಿಯ ಮೇಲೆ ಕೆಂಪು ಅಕ್ಷರದಲ್ಲಿ ‘ಬನ್ನಿ, ಕುಳಿತುಕೊಳ್ಳಿ’ ಎಂದು ಬರೆದಿರುತ್ತದೆ.